ಹೊಳೆಯ ಈಚೆ ದಂಡೆಯಲ್ಲಿ ಒಂದು ವರ್ಷ

(ಹಗರಿಬೊಮ್ಮನಹಳ್ಳಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ನಿಮಿತ್ತ ನಡೆದ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)

 

ಹೋದ ವಾರ ಪೂಜ್ಯರು ಫೋನ್ ಮಾಡಿ, "ಮೇಷ್ಟ್ರೇ, ಸೆಪ್ಟೆಂಬರ್ 17 ಬಂತು. ರಜಾಕಾರರ ಕಾಲವನ್ನು ಕಣ್ಣಿಂದ ಕಂಡವರು ಈಗ ಎಷ್ಟು ಜನ ಉಳಿದಾರು? ನೀವು ಮಾತಾಡಬೇಕು" ಎಂದು ಅಪ್ಪಣೆ ಕೊಡಿಸಿದರು. ಕಂಡವನು ಹೌದು. ಆದರೆ ನಾನು ಕಂಡದ್ದು ಹೊಳೆಯ ಈಚೆ ದಂಡೆಯಲ್ಲಿ ನಿಂತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗೀಗ ನಮ್ಮ ಹುಡುಗರು ಬಳ್ಳಾರಿ ಸೀಮೆಯೂ ನಿಜಾಮನ ಕೈಯಲ್ಲಿತ್ತೆಂದು ತಿಳಿದಿದ್ದಾರೆ. 371(ಜೆ) ಕಲಮಿನಲ್ಲಿ ನಮ್ಮನ್ನೂ ಸೇರಿಸಿದ್ದರಿಂದ ಬಂದ ಗೊಂದಲ ಅದು. ನಿಜಾಮ ನಮ್ಮ ಸೀಮೆಯನ್ನು 1800ರಲ್ಲೇ ಕುಂಪಣಿಗೆ ಬಿಟ್ಟುಕೊಟ್ಟಿದ್ದ. 1947ರ ಆಗಸ್ಟ್ 15ರಂದು ನಾವು ಮದ್ರಾಸ್ ಪ್ರಾಂತ್ಯದವರು, ಬಾವುಟ ಹಾರಿಸಿದೆವು, ಶಾಲೆಯಲ್ಲಿ ಸಕ್ಕರೆ ಹಂಚಿದರು. ಅದೇ ದಿನ ತುಂಗಭದ್ರೆಯ ಆಚೆ, ಕೊಪ್ಪಳದ ಕಡೆ, ಬಾವುಟ ಹಾರಿಸಿದವನಿಗೆ ಜೈಲು. ನಡುವೆ ಇದ್ದದ್ದು ಒಂದು ಹೊಳೆ.

ನನಗಾಗ ಎಂಟು ವರ್ಷ. ನಮ್ಮ ಊರು ಈಗ ಹಿನ್ನೀರಿನ ಕೆಳಗಿದೆ. ಅಣೆಕಟ್ಟಿನ ಕೆಲಸ 1945ರಲ್ಲೇ ಶುರುವಾಗಿತ್ತು, ಈ ದಂಡೆಯಿಂದ ಮದ್ರಾಸಿನವರು, ಆ ದಂಡೆಯಿಂದ ಹೈದರಾಬಾದಿನವರು. "ಊರು ಮುಳುಗುತ್ತದಂತೆ" ಎಂಬ ಮಾತು ನಡೆಯುತ್ತಲೇ ಇತ್ತು, ಯಾರೂ ನಂಬಿರಲಿಲ್ಲ. ಊರಿಗೂ ಆಚೆ ದಂಡೆಗೂ ಹರಿಗೋಲಿನ ನಂಟು. ಹೆಣ್ಣು ಕೊಟ್ಟು ತಂದದ್ದು ಆಚೆ, ಜಾತ್ರೆಗೆ ಹೋಗುತ್ತಿದ್ದದ್ದು ಕೊಪ್ಪಳದ ಗವಿಮಠಕ್ಕೆ. ಆಚೆಯವರು ಕೊಟ್ಟೂರು ತೇರಿಗೆ ಬಂದರೆ ನಮ್ಮ ಪಡಸಾಲೆಯಲ್ಲೇ ಬುತ್ತಿ ಬಿಚ್ಚುತ್ತಿದ್ದರು.

ಆ ವರ್ಷದ ಕತೆ ನಿಮಗೆ ಗೊತ್ತಿದೆ, ಬೇಗ ಹೇಳುತ್ತೇನೆ. 1947ರ ನವೆಂಬರ್ 29ಕ್ಕೆ ಭಾರತ ಸರಕಾರಕ್ಕೂ ನಿಜಾಮನಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಕಾಗದದ ಮೇಲೆ ಯಥಾಸ್ಥಿತಿ, ಹಳ್ಳಿಗಳಲ್ಲಿ ಕಾಸಿಂ ರಜ್ವಿಯ ರಜಾಕಾರರು. ಸ್ವಾಮಿ ರಮಾನಂದ ತೀರ್ಥರು ಸೆರೆಮನೆಯಲ್ಲಿ. ಗಡಿಗುಂಟ ಶಿಬಿರಗಳೆದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ. 1948ರ ಮೇ ತಿಂಗಳಲ್ಲಿ ಬೀದರ್ ಕಡೆ ಗೋರ್ಟಾ ಎಂಬ ಊರಲ್ಲಿ ಜನರನ್ನು ಕಡಿದು ಹಾಕಿದರು. ನಮ್ಮ ಶರಣರ ಕಲ್ಯಾಣವೂ ಅದೇ ನಿಜಾಮನ ಸೀಮೆಯಲ್ಲಿತ್ತು ಎಂಬುದನ್ನು ನೆನಪಿಡಿ.

ನಾನು ಕಂಡದ್ದು ಹೊಳೆ ದಾಟಿ ಬಂದವರನ್ನು. ಮೊದಲು ಬಂದವರು ಗಂಡಸರು, ರಾತ್ರಿ, ಒಬ್ಬೊಬ್ಬರಾಗಿ. ಬೇಸಿಗೆ ಬರುವ ಹೊತ್ತಿಗೆ ಹೆಂಗಸರು, ಮಕ್ಕಳು, ಕೌದಿಯ ಗಂಟು, ಒಂದು ಸಲ ಬೀಸುವ ಕಲ್ಲು ಸಹ. ಆಚೆ ದಂಡೆಯಲ್ಲಿ ಕರೋಡಗಿರಿ ನಾಕೆಯವರ ಕಣ್ಣು ತಪ್ಪಿಸಿ ಬರಬೇಕು. ಅಂಬಿಗರು ದಾಟಿಸಿದರು. ಅವರನ್ನು ಹೊಗಳಿ ಭಾಷಣ ಮಾಡುವವರು ಒಂದು ಮಾತು ಬಿಡುತ್ತಾರೆ. ಕೆಲವರು ದುಡ್ಡು ತೆಗೆದುಕೊಂಡರು, ತಲೆಗೆ ಒಂದು ರೂಪಾಯಿಯವರೆಗೂ. ಕೆಲವರು ತೆಗೆದುಕೊಳ್ಳಲಿಲ್ಲ. ಹರಿಗೋಲು ಸಿಕ್ಕಿಬಿದ್ದರೆ ಸುಟ್ಟು ಹಾಕುತ್ತಿದ್ದರು, ಅದೇ ಅವರ ಬದುಕು. ತೆಗೆದುಕೊಂಡವರನ್ನು ನಾನು ತಪ್ಪೆನ್ನಲಾರೆ.

ನಮ್ಮ ಅಜ್ಜ ಬಂದವರನ್ನೆಲ್ಲ ಮನೆಯಲ್ಲಿಟ್ಟುಕೊಂಡ. ದೊಡ್ಡ ಶ್ರೀಮಂತನೇನಲ್ಲ, ನಾಲ್ಕೆತ್ತಿನ ಒಕ್ಕಲುತನ. ದನದ ಕೊಟ್ಟಿಗೆ ಖಾಲಿ ಮಾಡಿಸಿ ಸಾರಿಸಿದರು. ಹಗೇವು ತೆಗೆಸಿ ಜೋಳ ಅಳೆದರು. ಒಂದು ಹೊತ್ತಿಗೆ ಮೂವತ್ತು ಮೂವತ್ತೈದು ಜನ ಉಂಡ ದಿನಗಳಿದ್ದವು. ನಮ್ಮ ಅವ್ವ, ಅತ್ತೆಯಂದಿರು ರೊಟ್ಟಿ ಬಡಿದು ಬಡಿದು ಅಂಗೈ ಒಡೆದಿದ್ದವು. ಯಾರ ಕುಲವನ್ನೂ ಅಜ್ಜ ಕೇಳಲಿಲ್ಲ. "ಇದು ದಾಸೋಹ, ಇದಕ್ಕೆ ಲೆಕ್ಕ ಬರೀಬ್ಯಾಡ್ರಿ" ಅಂತ ನಮ್ಮಪ್ಪನಿಗೆ ಹೇಳಿದ್ದು ನನ್ನ ಕಿವಿಯಲ್ಲಿದೆ. ಬೆಳಗಿನ ಜಾವ ಇಷ್ಟಲಿಂಗ ಪೂಜೆ, ಆಮೇಲೆ ದಂಡೆಗೆ ಹೋಗಿ ಯಾರಾದರೂ ಬಂದಾರೇನೋ ನೋಡುವುದು. ಹದಿಮೂರು ತಿಂಗಳು ಹೀಗೆ ನಡೆಯಿತು. ಈ ಕತೆಯನ್ನು ನಾನು ಅರವತ್ತು ವರ್ಷ ಶಾಲೆಯಲ್ಲಿ, ಸಭೆಯಲ್ಲಿ, ಮದುವೆ ಮನೆಯಲ್ಲಿ ಹೇಳಿದ್ದೇನೆ. ಇಲ್ಲಿಗೇ ನಿಲ್ಲಿಸುತ್ತಿದ್ದೆ.

ಇವತ್ತು ಮುಂದಕ್ಕೆ ಹೇಳುತ್ತೇನೆ. ಅದಕ್ಕೆ ಕಾರಣ ದೂರದ ಇನ್ನೊಂದು ದೇಶ. ಸ್ವಲ್ಪ ತಾಳ್ಮೆ ಇರಲಿ.

ನನ್ನ ಮೊಮ್ಮಗ ಡೆನ್ಮಾರ್ಕಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಮೂರು ತಿಂಗಳು ಅವನಲ್ಲಿದ್ದೆ. ಒಂದು ಭಾನುವಾರ ಹೆಲ್ಸಿಂಗೋರ್ ಎಂಬ ಊರಿನ ಕಡಲ ದಂಡೆಗೆ ಕರೆದುಕೊಂಡು ಹೋದ. ಎದುರಿಗೆ ಸ್ವೀಡನ್ ಕಾಣುತ್ತದೆ, ನಡುವೆ ನಾಲ್ಕು ಕಿಲೋಮೀಟರ್ ನೀರು. ನಮ್ಮ ಹಿನ್ನೀರಿನ ಹಾಗೆಯೇ, ಆಚೆ ಮನೆಗಳ ಬೆಳಕು ಎಣಿಸಬಹುದು. ಅಲ್ಲಿ ನಿಂತು ಅವನು ಓದಿ ಹೇಳಿದ್ದು, ಆಮೇಲೆ ನಾನೇ ಪುಸ್ತಕ ತರಿಸಿ ಓದಿದ್ದು ಇದು.

1940ರ ಏಪ್ರಿಲ್ 9ರಂದು ಹಿಟ್ಲರನ ಸೈನ್ಯ ಡೆನ್ಮಾರ್ಕನ್ನು ಹಿಡಿಯಿತು. ಮೊದಲ ಮೂರು ವರ್ಷ ಅವರ ಸರಕಾರ ಹೇಗೋ ಹೊಂದಿಕೊಂಡು ನಡೆಯಿತು. 1943ರ ಆಗಸ್ಟ್‌ನಲ್ಲಿ ಅದೂ ಮುರಿಯಿತು. ಸೆಪ್ಟೆಂಬರ್ ಕೊನೆಗೆ ಯಹೂದಿಗಳನ್ನೆಲ್ಲ ಒಂದೇ ರಾತ್ರಿ ಹಿಡಿಯಬೇಕೆಂದು ಜರ್ಮನರು ಗೊತ್ತು ಮಾಡಿದರು. ಸುದ್ದಿಯನ್ನು ಮುಂಚೆಯೇ ಹೊರಗೆ ಬಿಟ್ಟವನು ಡುಕ್‌ವಿಟ್ಜ್ ಎಂಬ ಜರ್ಮನ್ ಅಧಿಕಾರಿಯೇ. ಹೊಸ ವರ್ಷದ ಹಬ್ಬದ ಮುನ್ನಾದಿನ ಮಂದಿರಕ್ಕೆ ಬಂದ ಜನರಿಗೆ ಅವರ ಗುರು ಮೆಲ್ಕಿಯೋರ್, ಇವತ್ತು ಪೂಜೆ ಇಲ್ಲ, ಹೋಗಿ ಅಡಗಿಕೊಳ್ಳಿ ಎಂದು ಹೇಳಿ ಕಳಿಸಿದ. ಅಕ್ಟೋಬರ್ 3ರ ಭಾನುವಾರ ಕ್ರೈಸ್ತ ಬಿಷಪ್ಪರ ಪತ್ರವನ್ನು ಚರ್ಚುಗಳಲ್ಲಿ ಓದಿದರು, ಈ ಕೆಲಸ ಧರ್ಮಕ್ಕೆ ವಿರುದ್ಧ ಎಂದು. ಕೆಲವೇ ವಾರಗಳಲ್ಲಿ ಸುಮಾರು 7,000 ಯಹೂದಿಗಳನ್ನು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಅಲ್ಲಿಯೂ ಅಷ್ಟೇ, ಮೊದಲ ದಿನಗಳಲ್ಲಿ ದೊಡ್ಡ ಬೆಲೆ ಕೇಳಿದ ಮೀನುಗಾರರಿದ್ದರು, ಇಲ್ಲದವರಿಗೆ ಚಂದಾ ಎತ್ತಿದರು. ಗಿಲ್ಲೆಲೈ ಎಂಬ ಊರಲ್ಲಿ ಚರ್ಚಿನ ಅಟ್ಟದ ಮೇಲೆ ಅಡಗಿದ್ದ ಸುಮಾರು 80 ಜನರನ್ನು ಯಾರೋ ಹಿಡಿದುಕೊಟ್ಟರು ಕೂಡ.

ನಮ್ಮ ಅಜ್ಜನದೇ ಕತೆ ಅನ್ನಿಸಿತು ನನಗೆ. ಹೆಮ್ಮೆಯಿಂದ ಮೊಮ್ಮಗನಿಗೆ ಹೇಳಿಯೂಬಿಟ್ಟೆ. ಡೆನ್ಮಾರ್ಕನ್ನು ಹಿಡಿದದ್ದು ಪರದೇಶದ ಸೈನ್ಯ, ಹೈದರಾಬಾದಿನಲ್ಲಿದ್ದದ್ದು ಅಲ್ಲಿಯದೇ ದೊರೆತನ, ಎರಡೂ ಒಂದೇ ಅಲ್ಲ, ಅದು ನನಗೆ ಗೊತ್ತು. ಆದರೆ ಭಯ ಒಂದೇ, ದೋಣಿ ಒಂದೇ.

ಪುಸ್ತಕದ ಮುಂದಿನ ಅಧ್ಯಾಯ ನನ್ನ ನಿದ್ದೆ ಕೆಡಿಸಿತು. 1945ರ ಆರಂಭದಲ್ಲಿ, ಜರ್ಮನಿ ಸೋಲುತ್ತಿದ್ದಾಗ, ಪೂರ್ವದ ಕಡೆಯಿಂದ ಎರಡು ಲಕ್ಷಕ್ಕೂ ಹೆಚ್ಚು ಜರ್ಮನ್ ನಿರಾಶ್ರಿತರು ಹಡಗುಗಳಲ್ಲಿ ಡೆನ್ಮಾರ್ಕಿಗೆ ಬಂದಿಳಿದರು. ಹೆಚ್ಚಿನವರು ಹೆಂಗಸರು, ಮುದುಕರು, ಮಕ್ಕಳು. ಮೇ 5ಕ್ಕೆ ಡೆನ್ಮಾರ್ಕ್ ಬಿಡುಗಡೆಯಾಯಿತು. ಇವರನ್ನು ಮುಳ್ಳುತಂತಿಯೊಳಗೆ ಇಟ್ಟರು. ಡೆನ್ಮಾರ್ಕಿನ ವೈದ್ಯರ ಸಂಘ ಇವರಿಗೆ ಚಿಕಿತ್ಸೆ ಕೊಡುವುದಿಲ್ಲವೆಂದು ಮಾರ್ಚ್‌ನಲ್ಲೇ ಹೇಳಿತ್ತು. ಅದೇ ವರ್ಷ ಐದರೊಳಗಿನ ಮಕ್ಕಳೇ ಸುಮಾರು 7,000 ತೀರಿಕೊಂಡವೆಂದು ಕಿರ್ಸ್ಟೆನ್ ಲೈಲಾಫ್ ಎಂಬ ಡೆನ್ಮಾರ್ಕಿನವರೇ ಆದ ವೈದ್ಯೆ ದಾಖಲೆ ಹುಡುಕಿ ಬರೆದಿದ್ದಾರೆ. ದಾಟಿಸಿದವರ ಲೆಕ್ಕವೂ ಏಳು ಸಾವಿರ, ಈ ಮಕ್ಕಳ ಲೆಕ್ಕವೂ ಏಳು ಸಾವಿರ. ಆ ದೇಶದವರಿಗೆ ಮೊದಲನೆಯ ಲೆಕ್ಕ ಬಾಯಿಪಾಠ, ಎರಡನೆಯದನ್ನು ಕೇಳಿದರೆ ಸಿಟ್ಟು ಬಂತಂತೆ. ನನಗೆ ಆಶ್ಚರ್ಯವಾಗಲಿಲ್ಲ, ನಮ್ಮ ಮನೆಯಲ್ಲೂ ಎರಡನೆಯ ಕತೆ ಒಂದಿತ್ತು.

1948ರ ಸೆಪ್ಟೆಂಬರ್ 13ಕ್ಕೆ ಪೊಲೀಸ್ ಕಾರ್ಯಾಚರಣೆ ಶುರುವಾಯಿತು, 17ಕ್ಕೆ ಮುಗಿಯಿತು. ಊರಲ್ಲಿ ಹಲಗೆ ಬಾರಿಸಿದರು. ನಮ್ಮ ಕೊಟ್ಟಿಗೆಯಲ್ಲಿದ್ದವರಲ್ಲಿ ಕೆಲವರು ಆಚೆ ಹೊರಟರು, ಹೊಳೆ ತುಂಬಿದ್ದರಿಂದ ಕೆಲವರು ತಡೆದರು. ಆಮೇಲೆ ಆಚೆಯಿಂದ ಬೇರೆ ಸುದ್ದಿ ಬರತೊಡಗಿತು. ಈಗ ಓಡುತ್ತಿದ್ದವರು ಮುಸಲ್ಮಾನರು. ರಜಾಕಾರರಲ್ಲ. ರಜಾಕಾರರನ್ನು ಸೈನ್ಯ ಹಿಡಿದಿತ್ತು, ಇಲ್ಲ ಅವರು ಪಾರಾಗಿದ್ದರು. ಓಡುತ್ತಿದ್ದವರು ಪಿಂಜಾರರು, ನೇಕಾರರು, ಕುದುರೆಗೆ ಲಾಳ ಹೊಡೆಯುವವರು. ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಅವರ ತಂಡ ಆ ವರ್ಷದ ಕೊನೆಗೆ ಊರೂರು ತಿರುಗಿ, ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜು ಕೊಟ್ಟಿತು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬೀದರ್, ಗುಲಬರ್ಗಾ ಇದ್ದವು. ಆ ವರದಿಯನ್ನು ಬಹಳ ದಶಕ ಮುಚ್ಚಿಟ್ಟಿದ್ದರು.

ಒಂದು ರಾತ್ರಿ ನಮ್ಮ ಬಾಗಿಲು ಬಡಿದ ಸದ್ದಾಯಿತು. ಬಂದವನು ನಮ್ಮ ಪಿಂಜಾರ. ಆಚೆ ದಂಡೆಯವನು, ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಬಿಲ್ಲು ಹೆಗಲಿಗೆ ಹಾಕಿಕೊಂಡು ಬಂದು ನಮ್ಮ ಮನೆಯ ಗಾದಿಗಳ ಅರಳೆ ಹಿಂಜಿ ಕೊಡುತ್ತಿದ್ದ. ಬಿಲ್ಲಿನ ಟಂಯ್ ಟಂಯ್ ಸದ್ದು ಕೇಳಲು ಮಕ್ಕಳೆಲ್ಲ ಸೇರುತ್ತಿದ್ದೆವು. ನನ್ನನ್ನು "ಸಣ್ಣ ಗೌಡ್ರ" ಅಂತ ಕರೆಯುತ್ತಿದ್ದ. ಅವನ ಜೊತೆ ಹೆಂಡತಿ, ಒಂದು ಹೆಣ್ಣು ಮಗು. ತುಂಬಿದ ಹೊಳೆಯನ್ನು ಹೇಗೆ ದಾಟಿದರೋ, ಮೈ ಪೂರ್ತಿ ತೋಯ್ದಿತ್ತು. "ನಾಕು ದಿನ ಇರ್ತೀವ್ರಿ ಯಜಮಾನ್ರ, ಕೊಟ್ಟಿಗ್ಯಾಗ ಬ್ಯಾಡ, ಬಣವಿ ಮರಿಗೆ" ಅಂದ.

ಕೊಟ್ಟಿಗೆಯಲ್ಲಿ ಇನ್ನೂ ಹತ್ತು ಹನ್ನೆರಡು ಜನ ಇದ್ದರು. ಅವರಲ್ಲಿ ಒಬ್ಬ ರಜಾಕಾರರ ಕೈಯಲ್ಲಿ ತಮ್ಮನನ್ನು ಕಳೆದುಕೊಂಡವನು. ಅವನು ಎದ್ದು ಬಂದು ನಿಂತ. ಏನೂ ಮಾತಾಡಲಿಲ್ಲ, ನಿಂತ, ಅಷ್ಟೇ. ಅಜ್ಜ ಅವನ ಮುಖ ನೋಡಿದ, ಪಿಂಜಾರನ ಮುಖ ನೋಡಿದ. "ಈಗ ಬ್ಯಾಡಪ್ಪ. ಹೊಸಪೇಟಿ ಕಡಿ ಹೋಗು" ಅಂದ. ಬಾಗಿಲು ಹಾಕಿದ. ಅವ್ವ ಹಿತ್ತಲ ಬಾಗಿಲಿಂದ ಓಡಿ ರೊಟ್ಟಿ ಬುತ್ತಿಯನ್ನೂ ಒಂದು ಕೌದಿಯನ್ನೂ ಕೊಟ್ಟು ಬಂದಳು. ನಾನು ಅವಳ ಸೆರಗು ಹಿಡಿದುಕೊಂಡೇ ಹೋಗಿದ್ದೆ. ಕತ್ತಲಲ್ಲಿ ಆ ಮಗು ಕೆಮ್ಮುತ್ತಿತ್ತು.

ಮುಂದಿನ ವರ್ಷ ಪಿಂಜಾರ ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಅಜ್ಜ ಆಚೆ ದಂಡೆಯ ಅವನ ಊರಿಗೆ ಎರಡು ಸಲ ಆಳು ಕಳಿಸಿದ, ಒಂದು ಸಲ ತಾನೇ ಹೋದ. ಹೊಸಪೇಟೆಯ ಸಂತೆಯಲ್ಲಿ ಕೇಳಿದ. ಸಿಗಲಿಲ್ಲ. ಊರು ಮುಳುಗಿ ನಾವು ಹೊಸ ಜಾಗಕ್ಕೆ ಬಂದ ಮೇಲೆ ಕೇಳುವುದೂ ನಿಂತಿತು. ದಾಸೋಹದ ಕತೆಯನ್ನು ಯಾರಾದರೂ ಅಜ್ಜನ ಮುಂದೆ ಎತ್ತಿದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ. ಅದನ್ನು ವಿನಯ ಎಂದು ನಾವು ಬಹಳ ವರ್ಷ ತಿಳಿದಿದ್ದೆವು. ತಿಳಿದಿದ್ದೆವು ಎಂದರೆ, ನಾನು ಹಾಗೆ ಹೇಳುತ್ತಾ ಬಂದೆ. ನನಗೆ ಗೊತ್ತಿತ್ತು, ನಾನು ಸೆರಗು ಹಿಡಿದು ಹೋಗಿದ್ದೆನಲ್ಲ.

ಅಜ್ಜನನ್ನು ಕೆಟ್ಟವನೆಂದು ಹೇಳಲು ನಾನಿಲ್ಲಿ ಬಂದಿಲ್ಲ. ಅವನ ಅನ್ನ ಉಂಡು ಬೆಳೆದ ಮೈ ಇದು. ಕೊಟ್ಟಿಗೆಯಲ್ಲಿದ್ದ ಆ ಮನುಷ್ಯನನ್ನೂ ಬೈಯಲಾರೆ, ತಮ್ಮನನ್ನು ಕಳೆದುಕೊಂಡವನ ಹೊಟ್ಟೆಯ ಉರಿ ನಮಗೇನು ಗೊತ್ತು? ಆದರೆ ಬೇರೆಯಾಗಿ ನಡೆದವರೂ ಇದ್ದರು. ಸುಂದರಲಾಲರ ವರದಿಯಲ್ಲೇ ಒಂದು ಸಂಗತಿ ಇದೆ. ಒಂದೇ ಕಸುಬಿನವರ ನಡುವೆ ಮಮತೆ ಹೆಚ್ಚು ಕಂಡಿತು, ಕೆಲವು ಕಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಕಾಯಲು ಹೋಗಿ ತಾವೇ ಪ್ರಾಣ ಕೊಟ್ಟರು ಎಂದು. ಕಾಯಕದ ಬಗ್ಗೆ ಇಷ್ಟು ಉಪನ್ಯಾಸ ಕೇಳಿದ್ದೇನೆ, ಮಾಡಿದ್ದೇನೆ. ಆ ನೇಕಾರರ ಹೆಸರು ಹೇಳಿದವರನ್ನು ನಾನು ಕಂಡಿಲ್ಲ. ಹಾಗೆಯೇ ಶೋಯಬುಲ್ಲಾ ಖಾನ್. ಹೈದರಾಬಾದಿನಲ್ಲಿ "ಇಮ್ರೋಜ್" ಪತ್ರಿಕೆ ನಡೆಸುತ್ತಿದ್ದ ಹುಡುಗ, ಭಾರತಕ್ಕೆ ಸೇರಬೇಕು ಎಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಅವನನ್ನು ಕೊಂದರು. ನಮ್ಮ ಉತ್ಸವದ ಫ್ಲೆಕ್ಸಿನಲ್ಲಿ ಅವನ ಚಿತ್ರ ಇರುವುದನ್ನು ನಾನು ಕಂಡಿಲ್ಲ.

ಈಗ ಸೆಪ್ಟೆಂಬರ್ 17 ಬಂತೆಂದರೆ ನಮ್ಮ ಕೆಲವು ಹುಡುಗರು ಮೊಬೈಲಿನಲ್ಲಿ ಕಳಿಸುವುದನ್ನು ನೋಡುತ್ತೇನೆ. ರಜಾಕಾರ ಎಂಬ ಮಾತನ್ನು ಪಕ್ಕದ ಓಣಿಯವರಿಗೆ ಬೈಗುಳವಾಗಿ ಬಳಸುತ್ತಾರೆ. ಆ ಓಣಿಯವರು ಮನೆಯಲ್ಲಿ ನಮ್ಮಂತೆಯೇ ಕನ್ನಡ ಆಡುವವರು, ನಮ್ಮ ಗಾದಿ ಹಿಂಜಿದವರ ಮೊಮ್ಮಕ್ಕಳು. ಅವರ ಅಜ್ಜಂದಿರು ಆ ವರ್ಷ ಎಲ್ಲಿದ್ದರು, ಯಾರ ಬಾಗಿಲು ಬಡಿದರು ಎಂದು ಯಾರೂ ಕೇಳಿಲ್ಲ. ನಾನು ಮೇಷ್ಟ್ರಾಗಿದ್ದಾಗ ಆ ಓಣಿಯ ಎಷ್ಟೋ ಮಕ್ಕಳಿಗೆ ಪಾಠ ಹೇಳಿದೆ. ನಾನೂ ಕೇಳಲಿಲ್ಲ.

ಪೂಜ್ಯರಲ್ಲಿ ಒಂದು ಅರಿಕೆ ಮಾಡಿದ್ದೇನೆ, ಅವರು ಒಪ್ಪಿದ್ದಾರೆ. ಮುಂದಿನ ತಿಂಗಳ ಗೋಷ್ಠಿಗೆ ಆ ಓಣಿಯ ಹಿರಿಯರೊಬ್ಬರು ಬರುತ್ತಾರೆ. ಎಂಬತ್ತು ದಾಟಿದವರು, ಅವರ ತಾಯಿಯ ತವರು ಆಚೆ ದಂಡೆ. "ಸಭಾದಾಗ ಮಾತಾಡಿ ರೂಢಿ ಇಲ್ರಿ ಮೇಷ್ಟ್ರ" ಅಂದರು. ಕೂತು ಹೇಳಿದರೂ ನಡೆಯುತ್ತದೆ ಎಂದಿದ್ದೇನೆ. ಅವತ್ತು ದಯವಿಟ್ಟು ಎಲ್ಲರೂ ಬನ್ನಿ, ಹುಡುಗರನ್ನೂ ಕರೆತನ್ನಿ. ದಾಸೋಹದ ಏರ್ಪಾಡು ಅವತ್ತು ನಮ್ಮ ಮನೆಯದು.