ಪಟ್ಟಿಯಲ್ಲಿ ಇಲ್ಲದ ಹೆಸರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ಅಮೆರಿಕದಿಂದ ಬಂದವನು ಮೈಕ್ ಹಿಡಿದರೆ ಸೀಮೆಎಣ್ಣೆ ಬುಡ್ಡಿಯಲ್ಲಿ ಓದಿದ ಕಥೆ ಹೇಳುತ್ತಾನೆ ಅಂತ ಮಕ್ಕಳು ಈಗಾಗಲೇ ಆಕಳಿಸುತ್ತಿದ್ದಾರೆ. ಹೆದರಬೇಡಿ, ನಮ್ಮ ಮನೆಯಲ್ಲಿ ಕರೆಂಟ್ ಇತ್ತು. ನಾನು ಬಾಸ್ಕೆಟ್‌ಬಾಲ್ ಬಗ್ಗೆ ಮಾತಾಡುತ್ತೇನೆ. ಆ ಆಟವನ್ನು ನಾನು ಒಂದು ದಿನವೂ ಆಡಿದವನಲ್ಲ. ನಾವಿದ್ದಾಗ ಈ ಶಾಲೆಯಲ್ಲಿ ಆ ಬುಟ್ಟಿಯೇ ಇರಲಿಲ್ಲ. ಈಗಲೂ ಇಲ್ಲ, ಬೆಳಿಗ್ಗೆ ಮೈದಾನ ಸುತ್ತಿ ನೋಡಿಕೊಂಡು ಬಂದೆ.

ನಾನಿರುವುದು ಉತ್ತರ ಕೆರೊಲಿನಾ ರಾಜ್ಯದ ರಾಲಿ ಎಂಬ ಊರಿನಲ್ಲಿ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಅದು ಪೂರ್ತಿ ಪರದೇಶವಲ್ಲ. ನಾವು ಬೆಳೆದು ಬ್ಯಾರನ್ನಿನಲ್ಲಿ ಬೇಯಿಸುವ ವರ್ಜೀನಿಯಾ ಹೊಗೆಸೊಪ್ಪೇ ಅಲ್ಲಿಯೂ ಬೆಳೆ. ಊರಾಚೆ ಹಳೆಯ ಬ್ಯಾರನ್‌ಗಳು ಕಂಡಾಗ ಅಪ್ಪನಿಗೆ ಫೋಟೋ ಕಳಿಸುತ್ತಿರುತ್ತೇನೆ. ಅಲ್ಲಿಯ ಕಾಲೇಜುಗಳ ಬಾಸ್ಕೆಟ್‌ಬಾಲ್ ಪೈಪೋಟಿಗೂ ಜನ ಇಟ್ಟಿರುವ ಹೆಸರು 'ಟೊಬ್ಯಾಕೊ ರೋಡ್', ಅಂದರೆ ಹೊಗೆಸೊಪ್ಪಿನ ದಾರಿ. ರಾಲಿಯಲ್ಲಿ ಎನ್.ಸಿ. ಸ್ಟೇಟ್, ಡರ್ಹಮ್‌ನಲ್ಲಿ ಡ್ಯೂಕ್, ಚಾಪೆಲ್ ಹಿಲ್‌ನಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಅರ್ಧ ಗಂಟೆ. ಪಂದ್ಯದ ದಿನ ನೆರೆಮನೆಯವರೇ ಮಾತು ಬಿಡುತ್ತಾರೆ.

ನನಗೆ ಮೊದಲು ಆಶ್ಚರ್ಯ ಹುಟ್ಟಿಸಿದ್ದು ಆ ಪಂದ್ಯವಲ್ಲ, ಅದಕ್ಕೆ ಮುಂಚೆ ನಡೆಯುವ ಪರೀಕ್ಷೆ. ಅಲ್ಲಿ ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವ ಹದಿನಾರು ಹದಿನೇಳರ ಹುಡುಗನನ್ನು ಕಾಲೇಜಿನ ಕೋಚ್‌ಗಳು ಹುಡುಕಿಕೊಂಡು ಬರುತ್ತಾರೆ. ಸ್ಕಾಲರ್‌ಶಿಪ್ ಕೊಡುತ್ತೇವೆ, ನಮ್ಮಲ್ಲಿಗೆ ಬಾ ಅಂತ ಕರೆಯುತ್ತಾರೆ. ಈ ಹುಡುಗರಿಗೆ ನಕ್ಷತ್ರ ಕೊಡುವುದೇ ಕೆಲಸವಾಗಿರುವ ಜನ ಬೇರೆ ಇದ್ದಾರೆ. ಹೋಟೆಲಿಗೆ ಕೊಟ್ಟ ಹಾಗೆ ಮೂರು, ನಾಲ್ಕು, ಐದು. ಇನ್ನು ಅಭಿಮಾನಿಗಳ ವಿಚಾರ ಕೇಳಲೇಬೇಡಿ. ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಊಟದ ಟೇಬಲ್ಲಿನಲ್ಲಿ ಯಾವನೋ ಹುಡುಗನ ಎರಡು ನಿಮಿಷದ ವಿಡಿಯೋ ನೋಡಿ ಒಂದು ಗಂಟೆ ವಾದ ಮಾಡುತ್ತಾರೆ.

ಚುಂಚನಕಟ್ಟೆ ದನಗಳ ಜಾತ್ರೆಗೆ ಅಜ್ಜನ ಜೊತೆ ಹೋದವನು ನಾನು. ಹಲ್ಲು ಎಣಿಸುವುದು, ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ನೋಡುವುದು, ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಊಟದ ಟೇಬಲ್ಲಿನಲ್ಲಿ ಕೇಳಿದ್ದು ಅದೇ ಮಾತು. ಎತ್ತರ ಎಷ್ಟು? ಕೈ ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟು? ಇನ್ನೂ ಬೆಳೆಯುತ್ತಾನಾ, ಅಪ್ಪ ಎಷ್ಟು ಉದ್ದ ಇದ್ದಾನೆ?

ಆ ಗುಂಪಿನಲ್ಲಿ ಮೂವತ್ತು ವರ್ಷದಿಂದ ಆಟ ನೋಡುತ್ತಾ ಬಂದ ಹಿರಿಯರೊಬ್ಬರಿದ್ದರು. ವಿಡಿಯೋ ನೋಡುವುದನ್ನು ನನಗೆ ಕಲಿಸಿದವರು ಅವರೇ. 'ಬಾಲು ಒಳಗೆ ಬಿತ್ತಾ ಅಂತ ನೋಡಬೇಡ. ವಿಡಿಯೋ ಮಾಡಿದವನು ಬಿದ್ದದ್ದನ್ನು ಮಾತ್ರ ಇಟ್ಟಿರುತ್ತಾನೆ' ಅನ್ನುತ್ತಿದ್ದರು. ಪಾದ ನೋಡು, ಎದುರಾಳಿ ಯಾರು ಅಂತ ನೋಡು. ಕೈಯಲ್ಲಿ ಬಾಲಿಲ್ಲದಾಗ ಸುಮ್ಮನೆ ನಿಲ್ಲುತ್ತಾನೋ, ಜಾಗ ಹುಡುಕಿ ಓಡುತ್ತಾನೋ? ಮುಂದೆ ದೂರದಿಂದ ಹಾಕಲು ಕಲಿಯುತ್ತಾನಾ ಅಂತ ತಿಳಿಯಬೇಕಾದರೆ ಅವನ ಫ್ರೀ ಥ್ರೋ ಲೆಕ್ಕ ಕೇಳು. ಫ್ರೀ ಥ್ರೋ ಅಂದರೆ ಹದಿನೈದು ಅಡಿ ದೂರದಿಂದ, ಯಾರ ಅಡ್ಡಿಯೂ ಇಲ್ಲದೆ ಹಾಕುವುದು. ಅಲ್ಲಿ ಕೈ ಸುಳ್ಳು ಹೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಬಾಲು ಕಳೆದುಕೊಂಡ ಮೇಲಿನ ಮೂರು ಸೆಕೆಂಡು ನೋಡು. ತಲೆ ತಗ್ಗಿಸಿದನಾ, ರೆಫ್ರಿಯ ಕಡೆ ಕೈ ಎತ್ತಿದನಾ, ಹಿಂದಕ್ಕೆ ಓಡಿದನಾ?

ಇಷ್ಟೆಲ್ಲ ತಿಳಿದವರೂ ಎಡವುತ್ತಾರೆ. ಸ್ಟೀಫನ್ ಕರಿ ಹೆಸರು ಇಲ್ಲಿಯ ಹುಡುಗರೂ ಕೇಳಿರಬಹುದು. ಅದೇ ರಾಜ್ಯದ ಷಾರ್ಲಟ್‌ನಲ್ಲಿ ಬೆಳೆದವನು, ಅಪ್ಪ ಡೆಲ್ ಕರಿ ಎನ್‌ಬಿಎ ಆಟಗಾರ. ಕಣ್ಣ ಮುಂದೆಯೇ ಇದ್ದ ಹುಡುಗನನ್ನು ದೊಡ್ಡ ಕಾಲೇಜುಗಳು ಬೇಡ ಅಂದವು. ಸಣಕಲು ಮೈ, ಎತ್ತರ ಆರಡಿಯ ಆಸುಪಾಸು. ಅಪ್ಪ ಓದಿದ ವರ್ಜೀನಿಯಾ ಟೆಕ್ ಕೂಡ, ಬೇಕಾದರೆ ಸ್ಕಾಲರ್‌ಶಿಪ್ ಇಲ್ಲದೆ ಬಾ ಅಂದಿತು. ಕೊನೆಗೆ ಡೇವಿಡ್‌ಸನ್ ಎಂಬ ಪುಟ್ಟ ಕಾಲೇಜು ಕರೆಯಿತು. 2008ರಲ್ಲಿ ನಮ್ಮ ರಾಲಿಯ ಕ್ರೀಡಾಂಗಣದಲ್ಲೇ ಗೊನ್ಜಾಗಾ ತಂಡದ ಮೇಲೆ 40 ಪಾಯಿಂಟ್, ಎರಡು ದಿನ ಬಿಟ್ಟು ಜಾರ್ಜ್‌ಟೌನ್ ಮೇಲೆ 30 ಪಾಯಿಂಟ್ ಹೊಡೆದು ತಂಡವನ್ನು ಗೆಲ್ಲಿಸಿದ. ಆ ದಿನ ಅಲ್ಲಿದ್ದೆ ಅಂತ ಹೇಳಿಕೊಳ್ಳುವವರು ಊರಲ್ಲಿ ಎಷ್ಟು ಜನ ಅಂದರೆ, ಅಷ್ಟು ಕುರ್ಚಿ ಅಲ್ಲಿ ಇರಲಿಕ್ಕಿಲ್ಲ. ತಿರುಗುಮುರುಗೂ ಆಗಿದೆ. ಹ್ಯಾರಿ ಜೈಲ್ಸ್ ಎಂಬ ಹುಡುಗ ದೇಶದಲ್ಲೇ ಮೊದಲ ಸಾಲಿನವನು ಅಂತ ಹೆಸರಾಗಿ 2016ರಲ್ಲಿ ಡ್ಯೂಕ್‌ಗೆ ಬಂದ. ಮಂಡಿಯ ಪೆಟ್ಟು ಅವನನ್ನು ಆಡಲು ಬಿಡಲಿಲ್ಲ, ಪಂದ್ಯಕ್ಕೆ ಸರಾಸರಿ ನಾಲ್ಕು ಪಾಯಿಂಟ್ ಕೂಡ ಬರಲಿಲ್ಲ. ಅದರಲ್ಲಿ ಹುಡುಗನ ತಪ್ಪೇನಿದೆ?

ಕರಿಯ ಕಥೆಯಲ್ಲಿ ನನಗೆ ಹಿಡಿಸಿದ್ದು ಆ 40 ಪಾಯಿಂಟ್ ಅಲ್ಲ. 2006ರಲ್ಲಿ ಕಾಲೇಜಿನ ಮೊದಲ ಪಂದ್ಯದಲ್ಲೇ ಅವನು 13 ಸಲ ಬಾಲು ಕಳೆದುಕೊಂಡ. ಹದಿಮೂರು! ನಮ್ಮ ಕಡೆಯಾಗಿದ್ದರೆ ನಾಲ್ಕನೆಯದಕ್ಕೇ ಹೊರಗೆ ಕೂರಿಸುತ್ತಿದ್ದರು. ಬಾಬ್ ಮೆಕಿಲಪ್ ಎಂಬ ಕೋಚ್ ಮರುದಿನವೂ ಅವನನ್ನೇ ಇಳಿಸಿದರು. ಮಿಷಿಗನ್ ಮೇಲೆ 32 ಪಾಯಿಂಟ್ ಹೊಡೆದ.

ಮೈಕೆಲ್ ಜೋರ್ಡನ್ ಕೂಡ ಅದೇ ರಾಜ್ಯದವನು, ವಿಲ್ಮಿಂಗ್ಟನ್ ಊರಿನ ಲೇನಿ ಹೈಸ್ಕೂಲು. 1978ರಲ್ಲಿ ಶಾಲೆಯ ಮುಖ್ಯ ತಂಡದ ಪಟ್ಟಿ ಹಾಕಿದಾಗ ಅವನ ಹೆಸರಿರಲಿಲ್ಲ, ಅವನ ಗೆಳೆಯ ಲೆರಾಯ್ ಸ್ಮಿತ್ ಹೆಸರಿತ್ತು. ಗೆಳೆಯ ಆರಡಿ ಏಳಂಗುಲ, ಇವನು ಇನ್ನೂ ಆರಡಿ ಮುಟ್ಟಿರಲಿಲ್ಲ. ತಂಡಕ್ಕೆ ಉದ್ದ ಬೇಕಿತ್ತು, ಅದರಲ್ಲಿ ಕೋಚ್ ದಡ್ಡರೇನಲ್ಲ. ಆದರೆ ಆ ಶಾಲೆಯಲ್ಲಿ ಕಿರಿಯರದೊಂದು ಎರಡನೇ ತಂಡ ಇತ್ತು. ಅದಕ್ಕೂ ಬಾಲು, ಕೋಚ್, ಪಂದ್ಯ ಎಲ್ಲ ಇದ್ದವು. ಜೋರ್ಡನ್ ಆ ವರ್ಷ ಪೂರ್ತಿ ಅಲ್ಲಿ ಆಡಿದ. 1982ರಲ್ಲಿ ರಾಷ್ಟ್ರೀಯ ಫೈನಲ್ ಗೆಲ್ಲಿಸಿದ ಬಾಲು ಅವನದು. ಈ ಕಥೆಯನ್ನು ಅಲ್ಲಿ ಎಲ್ಲರೂ ಛಲದ ಕಥೆ ಅಂತ ಹೇಳುತ್ತಾರೆ. ನನಗೆ ಮಾತ್ರ ಅದು ಎರಡನೇ ತಂಡದ ಕಥೆ. ಯಾಕೆ ಅಂತ ಹೇಳಿಬಿಡುತ್ತೇನೆ.

2003ರಲ್ಲಿ ನಾನು ಇಲ್ಲಿ ಒಂಬತ್ತನೇ ತರಗತಿ, ಕ್ಲಾಸ್ ಲೀಡರ್. ತಾಲ್ಲೂಕು ಮಟ್ಟದ ವಾಲಿಬಾಲ್‌ಗೆ ತಂಡ ಆರಿಸಬೇಕಿತ್ತು. ಅಕ್ಷರ ದುಂಡಗಿದೆ ಅಂತ ಪಟ್ಟಿ ಬರೆಯಲು ಪಿ.ಟಿ. ಮೇಷ್ಟ್ರು ನನ್ನನ್ನು ಕೂರಿಸಿದರು. ನೀರಿನ ಟ್ಯಾಂಕಿನ ಗೋಡೆಗೆ ನಿಲ್ಲಿಸಿ, ಇದ್ದಿಲಲ್ಲಿ ಗೆರೆ ಎಳೆದು ಎತ್ತರ ಅಳೆದೆವು. ಒಂಬತ್ತು ಹೆಸರಾಯಿತು, ಇನ್ನೊಂದು ಬೇಕು. ಮೇಷ್ಟ್ರು ನನ್ನ ಬೆಂಚಿನವನ ಹೆಸರು ಹೇಳಿ, 'ಅವನು ಹೆಂಗೋ?' ಅಂದರು. ಬಾಲು ನೆಲ ಮುಟ್ಟುವ ಮೊದಲು ಅದರ ಕೆಳಗೆ ಕೈ ಇಟ್ಟಿರುತ್ತಿದ್ದ ಹುಡುಗ ಅವನು, ಕೆಸರಿರಲಿ ಕಲ್ಲಿರಲಿ ಬೀಳುತ್ತಿದ್ದ. ನಾನು, 'ಕುಳ್ಳ ಸಾರ್, ನೆಟ್ಟೇ ಮುಟ್ಟಲ್ಲ' ಅಂದೆ. ಹತ್ತನೆಯ ಹೆಸರು ನನ್ನದು ಬರೆದುಕೊಂಡೆ. ಪಂದ್ಯದಲ್ಲಿ ನನ್ನನ್ನು ಇಳಿಸಲೇ ಇಲ್ಲ, ಬಾಳೆಹಣ್ಣು ತಿಂದು ವಾಪಸ್ ಬಂದೆ.

ಅವನು ಆಮೇಲೆ ಮೈದಾನಕ್ಕೆ ಬರಲಿಲ್ಲ. ಬರುವುದಾದರೂ ಎಲ್ಲಿಗೆ? ಇದ್ದದ್ದು ಒಂದು ಬಾಲು, ಒಂದು ನೆಟ್ಟು. ಅವೆರಡೂ ಪಟ್ಟಿಯಲ್ಲಿದ್ದವರದು.

ನಮ್ಮ ಬ್ಯಾಚಿನವರು ಹಣ ಸೇರಿಸಿ ಕಮಾನು ಕಟ್ಟಿಸೋಣ ಅಂತ ಮಾತಾಡಿಕೊಂಡಿದ್ದೆವು. ನಿನ್ನೆ ರಾತ್ರಿ ನಾನು ಬೇರೆ ಮಾತು ಎತ್ತಿದೆ. ಸ್ವಲ್ಪ ಜಗಳವೂ ಆಯಿತು, ಕಮಾನಿನ ಮೇಲೆ ಹೆಸರು ಬರುತ್ತದಲ್ಲ. ಕೊನೆಗೆ ಒಪ್ಪಿದ್ದೇನೆಂದರೆ, ಹುಡುಗರಿಗೂ ಹುಡುಗಿಯರಿಗೂ ಎರಡೆರಡು ವಾಲಿಬಾಲ್ ಅಂಕಣ, ಪ್ರತಿ ವರ್ಷ ಹನ್ನೆರಡು ಬಾಲು, ಮತ್ತು ಪಟ್ಟಿಯಲ್ಲಿ ಇಲ್ಲದವರಿಗಾಗಿಯೇ ಸುತ್ತಲಿನ ನಾಲ್ಕು ಹೈಸ್ಕೂಲುಗಳ ನಡುವೆ ಒಂದು ಪಂದ್ಯಾವಳಿ. ಮುಖ್ಯೋಪಾಧ್ಯಾಯರು ಜಾಗ ತೋರಿಸಿದ್ದಾರೆ. ಲೆಕ್ಕಪತ್ರ ಎಸ್‌ಡಿಎಂಸಿ ನೋಡಿಕೊಳ್ಳುತ್ತದೆ.

ನನ್ನ ಬೆಂಚಿನವನು ಈಗ ಗೂಡ್ಸ್ ಆಟೋ ಇಟ್ಟಿದ್ದಾನೆ. ಇವತ್ತು ಈ ಶಾಮಿಯಾನದ ಕಂಬ, ಕುರ್ಚಿ ತಂದಿಳಿಸಿದ್ದು ಅವನೇ. ಮಗಳು ಇಲ್ಲೇ ಎಂಟನೇ ತರಗತಿ. ಬೆಳಿಗ್ಗೆ ಟೀ ಕುಡಿಯುವಾಗ ಧೈರ್ಯ ಮಾಡಿ, 'ಲೋ, ಆ ಪಟ್ಟಿಯಲ್ಲಿ ನಿನ್ನ ಹೆಸರು ಬಿಟ್ಟವನು ನಾನು ಕಣೋ' ಅಂದೆ. ಅವನು ಲೋಟ ಕೆಳಗಿಟ್ಟು ನಕ್ಕ. 'ನೋಟಿಸ್ ಬೋರ್ಡಿನಲ್ಲಿ ನೋಡಿದ ದಿನವೇ ಗೊತ್ತಾಯ್ತು ಬಿಡೋ, ಅಕ್ಷರ ನಿಂದೇ ಅಲ್ವಾ' ಅಂದ. ಆಮೇಲೆ, 'ಮಗಳು ನನ್ನ ಹಂಗೇ ಕುಳ್ಳಿ ಕಣೋ, ಬಾಲು ಯಾವಾಗ ಬರ್ತವೆ?' ಅಂತ ಕೇಳಿದ.

ಬಾಲುಗಳು ನಾಳೆ ಮೈಸೂರಿನಿಂದ ಬರುತ್ತವೆ. ಅವನ ಆಟೋದಲ್ಲೇ.