ರಾತ್ರಿಯ ಭಯ ಮತ್ತು ಸಂತ ಜೋಸೆಫರು



ನಡುರಾತ್ರಿ ಎಚ್ಚರವಾಗುತ್ತದೆ. ಕಣ್ಣು ತೆರೆದಿದ್ದರೂ ಕೈಕಾಲು ಅಲುಗದು. ಎದೆಯ ಮೇಲೆ ಯಾರೋ ಕುಳಿತಂತೆ ಭಾರ. ಕೂಗಲು ದನಿ ಹೊರಡದು. ನಮ್ಮಲ್ಲಿ ಹಲವರು ಇದನ್ನು ಅನುಭವಿಸಿದ್ದೇವೆ, ‘ದೆವ್ವ ಅಮುಕಿತು’ ಎಂದು ನಡುಗಿದ್ದೇವೆ. ಆದರೆ ನಾವು ಕನಸು ಕಾಣುವಾಗ ಮೆದುಳೇ ನಮ್ಮ ಸ್ನಾಯುಗಳನ್ನು ನಿಶ್ಚಲವಾಗಿಡುತ್ತದೆ. ಆ ಸ್ಥಿತಿ ಕಳೆಯುವ ಮೊದಲೇ ಮನಸ್ಸು ಎಚ್ಚೆತ್ತರೆ ಹೀಗಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಸರಿಹೋಗುತ್ತದೆ. ನಿದ್ದೆಗೆಟ್ಟವರಿಗೆ, ಚಿಂತೆಯಲ್ಲಿರುವವರಿಗೆ, ಅಂಗಾತ ಮಲಗಿದವರಿಗೆ ಇದು ಹೆಚ್ಚು.

ಮಾರ್ಚ್ 19ರಂದು ನಾವು ಕೊಂಡಾಡುವ ಸಂತ ಜೋಸೆಫರಿಗೂ ನೆಮ್ಮದಿಯ ರಾತ್ರಿಗಳಷ್ಟೇ ಇರಲಿಲ್ಲ. ಮತ್ತಾಯನ ಶುಭಸಂದೇಶದಲ್ಲಿ ಅವರಿಗೆ ನಾಲ್ಕು ಕನಸುಗಳು. ಒಂದರಲ್ಲಿ, ಹೆರೋದನು ಮಗುವನ್ನು ಕೊಲ್ಲಲು ಹುಡುಕುವನೆಂಬ ಎಚ್ಚರಿಕೆ! ಅವರು ಭಯದಿಂದ ಮುದುಡಲಿಲ್ಲ. ಆ ರಾತ್ರಿಯೇ ಎದ್ದು ತಾಯಿ-ಮಗುವಿನೊಡನೆ ಈಜಿಪ್ಟಿಗೆ ಹೊರಟರು.

ನಮ್ಮ ಕನಸುಗಳೆಲ್ಲ ದೈವವಾಣಿಯಲ್ಲ, ಶಾಪವೂ ಅಲ್ಲ. ಪೋಪ್ ಫ್ರಾನ್ಸಿಸರು ತಮ್ಮ ಕಷ್ಟಗಳನ್ನು ಚೀಟಿಯಲ್ಲಿ ಬರೆದು, ಮಲಗಿರುವ ಸಂತ ಜೋಸೆಫರ ಪ್ರತಿಮೆಯ ಕೆಳಗೆ ಇಡುತ್ತಿದ್ದುದನ್ನು 2015ರಲ್ಲಿ ಮನಿಲಾದಲ್ಲಿ ಹೇಳಿಕೊಂಡರು. ನಾವೂ ಚಿಂತೆಯನ್ನು ಒಪ್ಪಿಸಿ ಹೊತ್ತಿಗೆ ಸರಿಯಾಗಿ ಮಲಗೋಣ. ಮಗು ಹೆದರಿ ಎದ್ದರೆ ಗದರದೆ, ದೆವ್ವದ ಕಥೆ ಹೇಳದೆ, ಪಕ್ಕದಲ್ಲಿ ಕೂರೋಣ. ಪದೇ ಪದೇ ಹೀಗಾದರೆ ವೈದ್ಯರನ್ನು ಕಾಣೋಣ. ಅದು ವಿಶ್ವಾಸದ ಕೊರತೆಯಲ್ಲ. ಆಮೆನ್.