ಹತ್ತನೆಯ ತರಗತಿಯ ನಂತರ ಯಾವ ವಿಷಯ?

(ಸಂಘದ ವಾರ್ಷಿಕ ಶೈಕ್ಷಣಿಕ ಮಾರ್ಗದರ್ಶನ ಶಿಬಿರದಲ್ಲಿ ನಿವೃತ್ತ ಪದವಿಪೂರ್ವ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)





ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆಂದು ನಿಮಗೆಲ್ಲ ಗೊತ್ತಿದೆ. ಶೇಕಡಾ 85 ಬಂದರೆ ಸಯನ್ಸ್, 60 ಬಂದರೆ ಕಾಮರ್ಸ್, ಅದಕ್ಕಿಂತ ಕಡಿಮೆಯಾದರೆ ಆರ್ಟ್ಸ್. ತಂದೆ ಸೌದಿಯಿಂದ ಫೋನ್ ಮಾಡಿ ಒಂದು ಹೇಳುತ್ತಾರೆ, ಊರಿನಲ್ಲಿರುವ ಮಾವ ಇನ್ನೊಂದು ಹೇಳುತ್ತಾರೆ. ಕೊನೆಗೆ ನೆರೆಮನೆಯ ಹುಡುಗ ಎಲ್ಲಿ ಸೇರಿದನೋ ಅಲ್ಲಿಗೇ ನಮ್ಮ ಅರ್ಜಿಯೂ ಹೋಗುತ್ತದೆ. ಎರಡು ವರ್ಷ ಓದಬೇಕಾದ ವಿಷಯಗಳನ್ನು ಕಾಲೇಜಿನ ಕೌಂಟರಿನ ಮುಂದೆ ನಿಂತು ಹತ್ತು ನಿಮಿಷದಲ್ಲಿ ತೀರ್ಮಾನಿಸುತ್ತೇವೆ. ಮದುವೆಗೆ ಬಟ್ಟೆ ಆರಿಸಲು ನಾವು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇವೆ!

ಮಕ್ಕಳು ನನ್ನ ಬಳಿ ಬಂದು, "ಸರ್, ಯಾವ ಕಾಂಬಿನೇಷನ್ ಒಳ್ಳೆಯದು?" ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಇದನ್ನು ತೆಗೆದುಕೊಂಡರೆ ಮುಂದೆ ಯಾವ ಬಾಗಿಲು ಮುಚ್ಚುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಹೇಳಬಹುದು.

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯಗಳು. ಈ ನಾಲ್ಕರ ಮೊದಲ ಅಕ್ಷರಗಳನ್ನು ಸೇರಿಸಿ ಪಿಸಿಎಂಬಿ, ಪಿಸಿಎಂಸಿ, ಸೆಬಾ, ಹೆಪ್ಸ್ ಎಂದು ಕರೆಯುತ್ತೇವೆ. ಹೆಸರುಗಳು ಮಂತ್ರದಂತೆ ಕೇಳಿಸುವುದರಿಂದಲೋ ಏನೋ, ಒಳಗೆ ಏನಿದೆಯೆಂದು ಬಿಡಿಸಿ ನೋಡುವವರು ಕಡಿಮೆ. ಇಂಜಿನಿಯರಿಂಗಿಗೆ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ವೈದ್ಯಕೀಯಕ್ಕೆ ನೀಟ್ ಬರೆಯಲು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಬಿ.ಫಾರ್ಮಾಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆ ಗಣಿತವಾದರೂ ಆಗುತ್ತದೆ, ಜೀವಶಾಸ್ತ್ರವಾದರೂ ಆಗುತ್ತದೆ. ಪಿಸಿಎಂಸಿ ಓದಿದವರಿಗೆ ಜೀವಶಾಸ್ತ್ರವಿಲ್ಲ, ಆದ್ದರಿಂದ ನೀಟ್ ದಾರಿ ಅಲ್ಲಿಗೆ ನಿಂತಿತು. ಹನ್ನೆರಡನೆಯ ತರಗತಿ ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದು ಬರಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೇಳಿದ್ದು ನಿಜ. ಆದರೆ ಅದನ್ನು ನಂಬಿ ಈಗಲೇ ಜೀವಶಾಸ್ತ್ರ ಬಿಡುವುದು ಜಾಣತನವಲ್ಲ.

ಇನ್ನೊಂದು ಗೊಂದಲವನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ವಾಣಿಜ್ಯದಲ್ಲಿ ಸೆಬಾ ಎಂಬ ಹೆಸರಿನಲ್ಲಿ ಎರಡು ಕಾಂಬಿನೇಷನ್‌ಗಳಿವೆ. ಒಂದರಲ್ಲಿ ಸಂಖ್ಯಾಶಾಸ್ತ್ರ, ಇನ್ನೊಂದರಲ್ಲಿ ಕಂಪ್ಯೂಟರ್ ಸಯನ್ಸ್. ಉಳಿದಂತೆ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಎರಡಕ್ಕೂ ಸಮಾನ. ಕಂಪ್ಯೂಟರ್ ಇದೆಯೆಂದು ಸೇರಿದ ಹುಡುಗ ಎರಡನೆಯ ವರ್ಷದ ಕೊನೆಗೆ ಬಂದು ಕಂಪ್ಯೂಟರ್ ಇಂಜಿನಿಯರಿಂಗಿಗೆ ಸಿಇಟಿ ಅರ್ಜಿ ಹೇಗೆ ಹಾಕುವುದೆಂದು ಕೇಳುತ್ತಾನೆ. ಭೌತಶಾಸ್ತ್ರವೂ ಇಲ್ಲ, ಗಣಿತವೂ ಇಲ್ಲ, ಇನ್ನೆಲ್ಲಿಯ ಇಂಜಿನಿಯರಿಂಗ್? ಅವನಿಗೆ ಬಿಸಿಎ ಇದೆ, ಒಳ್ಳೆಯ ದಾರಿಯೇ. ಆದರೆ ಅದು ಅವನು ಆರಿಸಿಕೊಂಡ ದಾರಿಯಲ್ಲ, ಅವನಿಗೆ ಉಳಿದ ದಾರಿ. ಈ ಎರಡರ ನಡುವಿನ ವ್ಯತ್ಯಾಸವನ್ನು ಆ ಹುಡುಗನ ಮುಖ ನೋಡಿದರೆ ತಿಳಿಯುತ್ತದೆ.

ಹಾಗಾದರೆ ಎಲ್ಲರೂ ಪಿಸಿಎಂಬಿಗೆ ಸೇರಿದರೆ ಯಾವ ಬಾಗಿಲೂ ಮುಚ್ಚುವುದಿಲ್ಲವಲ್ಲ ಎಂದು ಕೆಲವು ಪಾಲಕರು ವಾದಿಸುತ್ತಾರೆ. ಕಾಗದದ ಮೇಲೆ ಸರಿ. ಆದರೆ ಪ್ರಥಮ ಪಿಯುಸಿಯಲ್ಲೇ ಫೇಲಾದವನಿಗೆ ಯಾವ ಬಾಗಿಲು ತೆರೆದಿರುತ್ತದೆ? ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದ ಮಗು ಜೂನ್ ತಿಂಗಳಲ್ಲಿ ಒಮ್ಮೆಲೇ ನಾಲ್ಕು ವಿಜ್ಞಾನ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಎದುರಿಸಬೇಕು. ಬುದ್ಧಿಯ ಕೊರತೆಯಿಂದಲ್ಲ, ಭಾಷೆಯ ತೊಡಕಿನಿಂದ ಮೊದಲ ಮೂರು ತಿಂಗಳು ಕಳೆದುಹೋಗುತ್ತವೆ. ಅಂಥ ಮಗುವಿಗೆ ರಜೆಯಲ್ಲೇ ವಿಜ್ಞಾನದ ಇಂಗ್ಲಿಷ್ ಪದಗಳನ್ನು ಪರಿಚಯಿಸಿದರೆ ಅರ್ಧ ಭಯ ಹೋಗುತ್ತದೆ.

ಶೇಕಡಾವಾರು ಅಂಕವನ್ನು ಮಾತ್ರ ನೋಡಬೇಡಿ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳಲ್ಲಿ ಭಾಷೆಗಳ ಪಾಲು ದೊಡ್ಡದು. ಗಣಿತದಲ್ಲಿ 50 ಬಂದವನಿಗೂ ಒಟ್ಟು 80 ಬರಬಹುದು. ಹಳೆಯ ಗಣಿತದ ಪ್ರಶ್ನೆಪತ್ರಿಕೆಯೊಂದನ್ನು ಎದುರಿಗಿಟ್ಟು, ಗೈಡ್ ಇಲ್ಲದೆ, ಟ್ಯೂಷನ್ ಮೇಷ್ಟ್ರಿಲ್ಲದೆ ಮಗು ಎಷ್ಟು ಲೆಕ್ಕ ಬಿಡಿಸುತ್ತದೆ ನೋಡಿ. ಅಂಕಪಟ್ಟಿಗಿಂತ ಅದು ಹೆಚ್ಚು ಹೇಳುತ್ತದೆ. ಲೆಕ್ಕಕ್ಕಿಂತ ಕೈಕೆಲಸದಲ್ಲಿ ಆಸಕ್ತಿ ಇರುವವರಿಗೆ ಐಟಿಐ ಇದೆ. ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಹೋಗಬಹುದು.

ಇನ್ನು ಆರ್ಟ್ಸ್. ನಮ್ಮಲ್ಲಿ ಈ ಪದವನ್ನು ಉಚ್ಚರಿಸುವಾಗ ಧ್ವನಿ ಇಳಿಯುತ್ತದೆ, ಮಗ ಏನೋ ತಪ್ಪು ಮಾಡಿದ ಹಾಗೆ. 2006ರಲ್ಲಿ ಬಂದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿಯ ಪ್ರಕಾರ ಐಎಎಸ್‌ನಲ್ಲಿ ಮುಸ್ಲಿಮರು ಶೇಕಡಾ 3, ಐಪಿಎಸ್‌ನಲ್ಲಿ ಶೇಕಡಾ 4, ವಿದೇಶಾಂಗ ಸೇವೆಯಲ್ಲಿ ಶೇಕಡಾ 1.8 ಮಾತ್ರ ಇದ್ದರು. ಈ ಅಂಕಿಗಳನ್ನು ನಾವು ಎಲ್ಲ ಸಮಾರಂಭಗಳಲ್ಲೂ ಹೇಳಿಕೊಂಡು ಮರುಗುತ್ತೇವೆ. ಅದೇ ಸಮಾರಂಭದಲ್ಲಿ ಇಂಜಿನಿಯರಿಂಗ್, ಮೆಡಿಕಲ್ ಸೀಟು ಸಿಕ್ಕವರಿಗೆ ಮಾತ್ರ ಶಾಲು ಹೊದಿಸುತ್ತೇವೆ! ಆ ಪರೀಕ್ಷೆಗಳಿಗೆ ಯಾವ ಪದವಿಯಾದರೂ ಸಾಕು. ಅಲ್ಲಿ ಓದಬೇಕಾದ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರಗಳಿಗೆ ಬುನಾದಿ ಹಾಕುವುದು ಹೆಪ್ಸ್. ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಐದು ವರ್ಷದ ಕಾನೂನು ಪದವಿಗೂ ಇದೇ ಒಳ್ಳೆಯ ತಯಾರಿ. ಸಿ.ಎ. ಫೌಂಡೇಶನ್‌ಗೆ ಯಾವ ವಿಭಾಗದವರೂ ಹೋಗಬಹುದಾದರೂ ಲೆಕ್ಕಶಾಸ್ತ್ರ ಓದಿದವರಿಗೆ ಸುಲಭ. ವಿಭಾಗದ ಹೆಸರಿನಿಂದ ಮಗುವಿನ ಯೋಗ್ಯತೆಯನ್ನು ಅಳೆಯುವ ಅಭ್ಯಾಸವನ್ನು ನಾವು ಬಿಡಬೇಕು.

ಭಾಷೆಯ ಬಗ್ಗೆಯೂ ಒಂದು ಮಾತು. ಅಂಕ ಸುಲಭವಾಗಿ ಬರುತ್ತದೆಂದು ಕನ್ನಡವನ್ನು ಬಿಟ್ಟು ಬೇರೆ ಭಾಷೆ ತೆಗೆದುಕೊಳ್ಳುವವರು ಬಹಳ. ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ಸ್ ಮುಖ್ಯ ಪರೀಕ್ಷೆಯಲ್ಲಿ ಕನ್ನಡದ ಕಡ್ಡಾಯ ಪತ್ರಿಕೆ ಇದೆ. ಅದರಲ್ಲಿ ತೇರ್ಗಡೆಯಾಗದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಪ್ರಯೋಜನವಿಲ್ಲ. ಉರ್ದುವನ್ನೋ ಅರಬಿಯನ್ನೋ ಪ್ರೀತಿಯಿಂದ ಓದುವವರು ಓದಲಿ, ಆದರೆ ಕನ್ನಡದಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯುವ ಅಭ್ಯಾಸವನ್ನು ಬಿಡಬಾರದು. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇಕಡಾ 5ರ ಮೀಸಲಾತಿ ಇದೆಯೆಂಬುದು ನಮ್ಮ ಎಷ್ಟೋ ಪಾಲಕರಿಗೆ ತಿಳಿಯದು. ಶಾಲೆ ಬಿಡುವ ಮೊದಲೇ ಅದರ ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಈಗ ಸಂಘದ ಹಿರಿಯರಿಗೆ ಒಂದು ಬೇಡಿಕೆ. ನಮ್ಮ ಹೆಣ್ಣುಮಕ್ಕಳ ವಿಷಯವನ್ನು ಅವರಾಗಲೀ ತಂದೆತಾಯಿಯಾಗಲೀ ಆರಿಸುವುದಿಲ್ಲ, ಬಸ್ಸು ಆರಿಸುತ್ತದೆ. ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ವಿಭಾಗವಿಲ್ಲ, ವಿಜ್ಞಾನ ಇರುವ ಕಾಲೇಜಿನಿಂದ ಮನೆಗೆ ಬರುವಾಗ ಮಗ್ರಿಬ್ ಆಗುತ್ತದೆ. ಆದ್ದರಿಂದ ಗಣಿತದಲ್ಲಿ 95 ಪಡೆದ ಹುಡುಗಿಯೂ ಇದ್ದುದಕ್ಕೇ ಸೇರಿಕೊಳ್ಳುತ್ತಾಳೆ. ಅವಳಿಗೆ ನಾವು ಕೊಡುವ ಟ್ರೋಫಿಯಿಂದ ಈ ಸಮಸ್ಯೆ ಬಗೆಹರಿಯುವುದಿಲ್ಲ. ವಿದ್ಯಾರ್ಥಿವೇತನದ ಹಣದಲ್ಲಿ ಒಂದು ಭಾಗವನ್ನು ವಾಹನದ ವೆಚ್ಚಕ್ಕೆಂದು ತೆಗೆದಿಡಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ನಡೆಸುವ ಬಾಲಕಿಯರ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಪಾಲಕರನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಕಣ್ಣಾರೆ ಕಂಡರೆ ತಾಯಂದಿರು ಒಪ್ಪುತ್ತಾರೆ, ಅರ್ಜಿ ನಮೂನೆ ಕೊಟ್ಟರೆ ಒಪ್ಪುವುದಿಲ್ಲ.

ಫಲಿತಾಂಶದ ಮರುದಿನದಿಂದ ಒಂದು ವಾರ ಅಸರ್ ನಂತರ ನಾನು ಸಂಘದ ಕಚೇರಿಯಲ್ಲಿ ಕುಳಿತಿರುತ್ತೇನೆ. ಬರುವಾಗ ಅಂಕಪಟ್ಟಿ ತನ್ನಿ, ಎಂಟು ಮತ್ತು ಒಂಬತ್ತನೆಯ ತರಗತಿಯದನ್ನೂ ತನ್ನಿ. ಮಗುವನ್ನು ಮನೆಯಲ್ಲಿ ಬಿಟ್ಟು ತಂದೆ ಒಬ್ಬರೇ ಬರಬೇಡಿ. ಕಾಲೇಜಿಗೆ ಅರ್ಜಿ ಹಾಕುವ ಮೊದಲೇ ಬನ್ನಿ, ತರಗತಿಗಳು ಆರಂಭವಾಗಿ ಕೆಲವು ವಾರ ಕಳೆದ ಮೇಲೆ ಕಾಂಬಿನೇಷನ್ ಬದಲಾಯಿಸುವುದು ಬಹಳ ಕಷ್ಟ.